ಮುದ್ರೆಯಿಂದ ಮನುಷ್ಯನವರೆಗೆ: ಮೈಕ್ರೋಸ್ಟಾಂಪಿಂಗ್ ವಿವಾದದ ಒಂದು ಪರಿಶೀಲನೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2007ರಲ್ಲಿ ಎಬಿ 1471 ಎಂಬ ಮಸೂದೆಗೆ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಸಹಿ ಹಾಕಿದರು. ರಾಜ್ಯದಲ್ಲಿ ಹೊಸದಾಗಿ ಮಾರಾಟದ ಅನುಮತಿ ಕೇಳುವ ಪ್ರತಿಯೊಂದು ಸೆಮಿ-ಆಟೊಮ್ಯಾಟಿಕ್ ಪಿಸ್ತೂಲೂ ಗುಂಡು ಹಾರಿದಾಗ ತನ್ನ ತಯಾರಕ, ಮಾದರಿ ಮತ್ತು ಕ್ರಮಸಂಖ್ಯೆಯ ಗುರುತನ್ನು ಖಾಲಿ ಕಾಟ್ರಿಜ್‌ನ ಮೇಲೆ ಎರಡು ಕಡೆ ಒತ್ತಬೇಕು ಎಂಬುದು ಅದರ ತಿರುಳು. ಮೈಕ್ರೋಸ್ಟಾಂಪಿಂಗ್ ಎಂಬ ಈ ತಂತ್ರಜ್ಞಾನ ಪೇಟೆಂಟಿನ ಹಿಡಿತದಿಂದ ಬಿಡುಗಡೆಯಾಗಿದೆ ಎಂದು ರಾಜ್ಯದ ನ್ಯಾಯ ಇಲಾಖೆ ಪ್ರಮಾಣೀಕರಿಸಿದ ಮೇಲಷ್ಟೇ ನಿಯಮ ಜಾರಿಗೆ ಬರಬೇಕಿತ್ತು. ಬಂದೂಕು ಹಕ್ಕುಗಳ ಪರವಾದ ಒಂದು ಸಂಸ್ಥೆ 555 ಡಾಲರ್ ಶುಲ್ಕ ಕಟ್ಟಿ ಪೇಟೆಂಟನ್ನು ಜೀವಂತವಾಗಿಡಲು ನೋಡಿತು. ಶಾಸನವೊಂದನ್ನು ತಡೆಯಲು ಇಷ್ಟು ಅಗ್ಗದ ಉಪಾಯ ಬೇರೆಲ್ಲೂ ಕಾಣಸಿಗದು. ಕಡೆಗೆ 2013ರ ಮೇ ತಿಂಗಳಲ್ಲಿ ಅಂದಿನ ಅಟಾರ್ನಿ ಜನರಲ್ ಕಮಲಾ ಹ್ಯಾರಿಸ್ ಪ್ರಮಾಣಪತ್ರ ಹೊರಡಿಸಿದರು. ಮರುವರ್ಷದ ಆರಂಭದಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ರೂಗರ್ ಕಂಪನಿಗಳು ತಮ್ಮ ಹೊಸ ಮಾದರಿಗಳನ್ನು ಆ ರಾಜ್ಯಕ್ಕೆ ತರುವುದಿಲ್ಲವೆಂದು ಹೇಳಿಬಿಟ್ಟವು. ಮುದ್ರೆ ಒತ್ತುವ ಪಿಸ್ತೂಲು ಮುಂದಿನ ಹತ್ತು ವರ್ಷಗಳಲ್ಲಿ ಒಂದೂ ಅಂಗಡಿಗೆ ಬರಲಿಲ್ಲ.

ಈ ಇತಿಹಾಸದಿಂದ ಹುಟ್ಟಿದ ಒಂದು ವಿಚಿತ್ರ ಸ್ಥಿತಿ ಚರ್ಚೆಯಲ್ಲಿ ಮರೆತೇ ಹೋಗುತ್ತದೆ. ಮೈಕ್ರೋಸ್ಟಾಂಪಿಂಗ್ ಅಪರಾಧ ಪತ್ತೆಗೆ ನೆರವಾಗುತ್ತದೆ ಎನ್ನುವವರ ಬಳಿಯೂ ಆಗುವುದಿಲ್ಲ ಎನ್ನುವವರ ಬಳಿಯೂ ಠಾಣೆಯಿಂದ ಬಂದ ಪ್ರಕರಣಗಳ ಸಾಕ್ಷ್ಯವಿಲ್ಲ. ಇರುವುದೆಲ್ಲ ಪ್ರಯೋಗಾಲಯದ ಸಾಕ್ಷ್ಯ. ಆದ್ದರಿಂದ ವಾದವೆಲ್ಲ ಮುದ್ರೆ ಎಷ್ಟು ಸ್ಪಷ್ಟ, ಎಷ್ಟು ಬಾಳಿಕೆಯದು ಎಂಬಲ್ಲಿಗೇ ಬಂದು ನಿಂತಿದೆ. ಅದು ಗೌಣ ಪ್ರಶ್ನೆ ಎಂಬುದು ಈ ಲೇಖನದ ನಿಲುವು. ಮುದ್ರೆಯ ಬೆಲೆಯನ್ನು ನಿರ್ಧರಿಸುವುದು ಅದು ಬೊಟ್ಟು ಮಾಡುವ ದಾಖಲೆ, ಹಾಗೂ ಆ ದಾಖಲೆಯ ಕೊನೆಯ ಹೆಸರಿಗೂ ಗುಂಡು ಹಾರಿಸಿದ ಕೈಗೂ ನಡುವಿನ ಅಂತರ.

ಮೊದಲು ತಾಂತ್ರಿಕ ಸಂಗತಿ. ಫೈರಿಂಗ್ ಪಿನ್‌ನ ತುದಿಯಲ್ಲಿ ಲೇಸರ್‌ನಿಂದ ಅತಿ ಸೂಕ್ಷ್ಮ ಅಕ್ಷರಾಂಕಗಳನ್ನು ಕೆತ್ತಲಾಗುತ್ತದೆ. ಪಿನ್ ಕಾಟ್ರಿಜ್‌ನ ಬುಡದಲ್ಲಿರುವ ಪ್ರೈಮರ್‌ಗೆ ಬಡಿದಾಗ ಆ ಗುರುತು ಮೆದು ಲೋಹದ ಮೇಲೆ ಮೂಡುತ್ತದೆ. ಟಾಡ್ ಲಿಜೊಟ್ ಮತ್ತು ಒರೆಸ್ಟ್ ಓಹರ್ ಎಂಬ ಎಂಜಿನಿಯರುಗಳು ಇದನ್ನು ರೂಪಿಸಿದರು. 1929ರ ಷಿಕಾಗೋ ಹತ್ಯಾಕಾಂಡದ ತನಿಖೆಯಲ್ಲಿ ಕ್ಯಾಲ್ವಿನ್ ಗಾಡರ್ಡ್ ಬಳಸಿದ ತುಲನಾ ಸೂಕ್ಷ್ಮದರ್ಶಕದ ವಿಧಾನವೇ ಬೇರೆ. ಅಲ್ಲಿ ಪರೀಕ್ಷಿಸುವುದು ಬಂದೂಕಿನ ಲೋಹ ಅಕಸ್ಮಾತ್ತಾಗಿ ಬಿಟ್ಟ ಗೀರುಗಳನ್ನು. ಹೋಲಿಸಿ ನೋಡಲು ಶಂಕಿತ ಬಂದೂಕೋ ಇನ್ನೊಂದು ಸ್ಥಳದ ಕಾಟ್ರಿಜ್ಜೋ ಕೈಯಲ್ಲಿರಬೇಕು. ಬಂದೂಕು ಸಿಗದಿದ್ದರೂ ಅದರ ಸಂಖ್ಯೆ ಸಿಗುತ್ತದೆ ಎಂಬುದು ಮೈಕ್ರೋಸ್ಟಾಂಪಿಂಗ್‌ನ ಭರವಸೆ.

ಆ ಭರವಸೆಯನ್ನು ಮೊದಲು ಒರೆಗೆ ಹಚ್ಚಿದವರಲ್ಲಿ ನ್ಯೂಯಾರ್ಕ್‌ನ ಸಫೋಕ್ ಕೌಂಟಿ ಪ್ರಯೋಗಾಲಯದ ಜಾರ್ಜ್ ಕ್ರಿವೊಸ್ಟಾ ಒಬ್ಬರು. 2006ರ ಅವರ ಅಧ್ಯಯನದ ಪ್ರಕಾರ ಪಿನ್ ಒಂದೇ ಪ್ರೈಮರ್‌ಗೆ ಎರಡೆರಡು ಸಲ ತಾಗಿದಾಗ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸಾಣೆಕಲ್ಲಿಗೆ ಉಜ್ಜಿದರೆ ಕೆತ್ತನೆಯೇ ಅಳಿಸುತ್ತದೆ. ಬಳಿಕ ಬಂದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನ ಇನ್ನಷ್ಟು ಸಂಯಮದ್ದು: ಅಕ್ಷರಾಂಕಗಳು ಬಹುಮಟ್ಟಿಗೆ ಓದಲು ಸಿಕ್ಕವು, ಇತರ ಬಗೆಯ ಸಂಕೇತಗಳು ಸೋತವು, ಫಲಿತಾಂಶ ಬಂದೂಕಿನಿಂದ ಬಂದೂಕಿಗೆ, ಮದ್ದುಗುಂಡಿನಿಂದ ಮದ್ದುಗುಂಡಿಗೆ ಬದಲಾಯಿತು. ಸಾಣೆಕಲ್ಲಿನ ಆಕ್ಷೇಪ ನಿಜವಾದರೂ ಅದರ ತೂಕವನ್ನು ಹಿಗ್ಗಿಸಲಾಗಿದೆ. ಬಂದೂಕಿನ ಮೈಮೇಲಿನ ಕ್ರಮಸಂಖ್ಯೆಯನ್ನೂ ಅರದಿಂದ ಅಳಿಸಬಹುದು. ಹಾಗೆಂದು ಯಾವ ದೇಶವೂ ಕ್ರಮಸಂಖ್ಯೆಯನ್ನು ಕೈಬಿಟ್ಟಿಲ್ಲ. ರಿವಾಲ್ವರ್ ಖಾಲಿ ಕಾಟ್ರಿಜ್ಜನ್ನು ಹೊರಗೆ ಎಸೆಯುವುದೇ ಇಲ್ಲ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚು ಬಲವಿದೆ.

ಗಟ್ಟಿ ತೊಡಕು ಇರುವುದು ಸಂಖ್ಯೆ ಸಿಕ್ಕ ಮೇಲೆ. ಅದು ಕರೆದೊಯ್ಯುವುದು ಮೊದಲ ಕೊಳ್ಳುಗನ ಬಾಗಿಲಿಗೆ. ಕೃತ್ಯ ನಡೆಯುವಷ್ಟರಲ್ಲಿ ಆ ಬಂದೂಕು ಕಳವಾಗಿರಬಹುದು, ಕೈಯಿಂದ ಕೈಗೆ ಮಾರಾಟವಾಗಿರಬಹುದು. ಈ ವಿಷಯದಲ್ಲಿ ಮೇರಿಲ್ಯಾಂಡ್ ರಾಜ್ಯದ ಅನುಭವವನ್ನು ವಿರೋಧಿಗಳು ಮೇಲಿಂದ ಮೇಲೆ ಎತ್ತುತ್ತಾರೆ. 2000ದ ಕಾನೂನಿನಂತೆ ಅಲ್ಲಿ ಮಾರಾಟವಾದ ಪ್ರತಿ ಹೊಸ ಕೈಬಂದೂಕಿನ ಒಂದು ಖಾಲಿ ಕಾಟ್ರಿಜ್ ಪೊಲೀಸರ ವಶಕ್ಕೆ ಬರುತ್ತಿತ್ತು. ಮೂರು ಲಕ್ಷಕ್ಕೂ ಹೆಚ್ಚು ಕಾಟ್ರಿಜ್‌ಗಳು ಸೇರಿದವು, ಸುಮಾರು 50 ಲಕ್ಷ ಡಾಲರ್ ಖರ್ಚಾಯಿತು, ಆ ಸಂಗ್ರಹದಿಂದ ಬಗೆಹರಿದ ಪ್ರಕರಣ ಒಂದೂ ಇರಲಿಲ್ಲ. 2015ರಲ್ಲಿ ಯೋಜನೆಗೆ ತೆರೆ ಬಿತ್ತು. ಈ ಉದಾಹರಣೆ ಮೈಕ್ರೋಸ್ಟಾಂಪಿಂಗ್‌ಗೆ ಪೂರ್ತಿಯಾಗಿ ಹೊಂದುವುದಿಲ್ಲ. ಮೇರಿಲ್ಯಾಂಡ್ ಸೋತದ್ದು ಲಕ್ಷಗಟ್ಟಲೆ ಚಿತ್ರಗಳಲ್ಲಿ ಒಂದನ್ನು ಹುಡುಕುವ ಕೆಲಸದಲ್ಲಿ. ಸಂಖ್ಯೆಯನ್ನು ಓದುವವರಿಗೆ ಆ ಹುಡುಕಾಟವೇ ಇಲ್ಲ. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ದೇಶವ್ಯಾಪಿ ಚಿತ್ರಸಂಗ್ರಹ ಬೇಡವೆಂದಾಗ ಮೈಕ್ರೋಸ್ಟಾಂಪಿಂಗ್ ಕುರಿತು ಇನ್ನಷ್ಟು ಸಂಶೋಧನೆ ನಡೆಯಲಿ ಎಂದದ್ದು ಈ ಭೇದವನ್ನು ಗಮನಿಸಿಯೇ.

ದಾಖಲೆಯ ಪಾತ್ರವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಬ್ರೆಜಿಲ್. 2003ರ ನಿಶ್ಶಸ್ತ್ರೀಕರಣ ಕಾನೂನಿನ ಪ್ರಕಾರ ಅಲ್ಲಿ ಸರ್ಕಾರಿ ಪಡೆಗಳಿಗೆ ಮಾರುವ ಮದ್ದುಗುಂಡಿನ ಬುಡದಲ್ಲಿ ಕಾರ್ಖಾನೆಯೇ ತಂಡದ (ಬ್ಯಾಚಿನ) ಸಂಖ್ಯೆಯನ್ನು ಒತ್ತಬೇಕು. ಇಲ್ಲಿ ಗುರುತು ಬಂದೂಕಿನದಲ್ಲ, ಗುಂಡಿನದು. 2018ರ ಮಾರ್ಚ್ 14ರಂದು ರಿಯೊ ಡಿ ಜನೈರೊದಲ್ಲಿ ನಗರಸಭಾ ಸದಸ್ಯೆ ಮರಿಯೆಲ್ ಫ್ರಾಂಕೊ ಮತ್ತು ಅವರ ಕಾರಿನ ಚಾಲಕ ಹತರಾದಾಗ ಸ್ಥಳದಲ್ಲಿ ಯುಝಡ್‌ಝಡ್18 ಎಂಬ ತಂಡದ ಕಾಟ್ರಿಜ್‌ಗಳು ಸಿಕ್ಕವು. ಆ ತಂಡ 2006ರಲ್ಲಿ ಫೆಡರಲ್ ಪೊಲೀಸರಿಗೆ ಮಾರಾಟವಾಗಿತ್ತು; 2015ರಲ್ಲಿ ಸಾವೊ ಪಾಲೊ ಬಳಿಯ ಒಸಾಸ್ಕೊದ ಸಾಮೂಹಿಕ ಕೊಲೆಯಲ್ಲೂ ಅದರ ಗುಂಡುಗಳಿದ್ದವು. ಆದರೆ ಒಂದೇ ಸಂಖ್ಯೆ ಹತ್ತು ಲಕ್ಷಕ್ಕೂ ಮೀರಿದ ಗುಂಡುಗಳ ಮೇಲಿತ್ತು. ಇಷ್ಟು ದೊಡ್ಡ ತಂಡದ ಗುರುತು ಯಾವ ಕೈಯನ್ನೂ ತೋರಿಸಲಾರದು. ಕೊಲೆ ಮಾಡಿದ ಇಬ್ಬರು ಮಾಜಿ ಮಿಲಿಟರಿ ಪೊಲೀಸರನ್ನು 2019ರಲ್ಲಿ ಹಿಡಿಯಲು ನೆರವಾದದ್ದು ಮೊಬೈಲ್ ಹಾಗೂ ಇಂಟರ್ನೆಟ್ ಬಳಕೆಯ ಜಾಡು. ಅವರಿಗೆ ಶಿಕ್ಷೆಯಾದದ್ದು 2024ರಲ್ಲಿ. ಮುದ್ರೆ ಕೊಲೆಗಾರನನ್ನು ಕೊಡಲಿಲ್ಲ ನಿಜ; ಸರ್ಕಾರಿ ಉಗ್ರಾಣ ಸೋರುತ್ತಿದೆ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದಂತೆ ತೋರಿಸಿತು.

ಕರ್ನಾಟಕದ ಅನುಭವ ಇದಕ್ಕೆ ತಿರುಗುಮುರುಗಾದದ್ದು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಹತರಾದ ಎಂ. ಎಂ. ಕಲಬುರ್ಗಿ ಮತ್ತು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಹತರಾದ ಗೌರಿ ಲಂಕೇಶ್, ಇಬ್ಬರ ಮೇಲೂ ಹಾರಿದ ಗುಂಡು ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನದು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಗುರುತಿನ ಚಿಹ್ನೆಗಳಿಲ್ಲದ ಬಂದೂಕನ್ನು ಮಾರುವುದನ್ನೂ ಹಸ್ತಾಂತರಿಸುವುದನ್ನೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ನಿಷೇಧಿಸುತ್ತದೆ. ಕಳ್ಳ ಕುಲುಮೆಯಲ್ಲಿ ಹುಟ್ಟಿದ ಪಿಸ್ತೂಲಿಗೆ ಆ ಸೆಕ್ಷನ್ನಿನ ಹಂಗಿಲ್ಲ. ದಾಖಲೆಯೇ ಇಲ್ಲದ ಕಡೆ ಕೆತ್ತಿದ ಮುದ್ರೆ ಏನನ್ನೂ ಹೇಳುತ್ತಿರಲಿಲ್ಲ. ಯಾರೂ ಉದ್ದೇಶಿಸದ ಗೀರುಗಳು ಎರಡು ಕೊಲೆಗಳನ್ನು ಒಂದಕ್ಕೊಂದು ಜೋಡಿಸಿದವು. ಅಪರಾಧವನ್ನು ಅಪರಾಧಕ್ಕೆ ಜೋಡಿಸುವುದು ಒಂದು ಕೆಲಸ, ಅಪರಾಧವನ್ನು ಒಡೆಯನಿಗೆ ಜೋಡಿಸುವುದು ಇನ್ನೊಂದು. ಮೈಕ್ರೋಸ್ಟಾಂಪಿಂಗ್ ಪರ-ವಿರೋಧದ ಬರಹಗಳು ಇವೆರಡನ್ನೂ ಬೆರೆಸಿಬಿಡುತ್ತವೆ.

ಕ್ಯಾಲಿಫೋರ್ನಿಯಾ 2020ರಲ್ಲಿ ಎರಡು ಮುದ್ರೆಗಳ ಬದಲು ಒಂದೇ ಸಾಕೆಂದಿತು. ತಂತ್ರಜ್ಞಾನ ಕಾರ್ಯಸಾಧ್ಯವೆಂದು ಕಂಡುಬಂದರೆ 2028ರಿಂದ ಮುದ್ರೆ ಕಡ್ಡಾಯವೆನ್ನುವ ಹೊಸ ಕಾನೂನು 2023ರಲ್ಲಿ ಬಂತು. ಅದು ಜಾರಿಯಾದರೂ ಈಗಾಗಲೇ ಜನರ ಕೈಯಲ್ಲಿರುವ ಕೋಟ್ಯಂತರ ಬಂದೂಕುಗಳು ಮುದ್ರೆಯಿಲ್ಲದೆಯೇ ಉಳಿಯುತ್ತವೆ. ಒಟ್ಟು ಕೊಲೆಗಳಲ್ಲಿ ಪತ್ತೆಯಾದ ಪ್ರಮಾಣವನ್ನು ಅಳತೆಗೋಲಾಗಿ ಹಿಡಿದರೆ ಮೊದಲ ಹಲವು ವರ್ಷ ಫಲಿತಾಂಶ ಸೊನ್ನೆಯಂತೆಯೇ ಕಾಣುತ್ತದೆ, ಮೇರಿಲ್ಯಾಂಡಿನ ಕಥೆ ಮರುಕಳಿಸಿತೆಂದು ವಿರೋಧಿಗಳು ಹೇಳುತ್ತಾರೆ. ಮೊದಲು ಎಣಿಸಬೇಕಾದದ್ದು ಅಂಗಡಿಯಿಂದ ಹೊರಟ ಕೆಲವೇ ತಿಂಗಳಲ್ಲಿ ಕೃತ್ಯದ ಸ್ಥಳ ಸೇರಿದ ಪಿಸ್ತೂಲುಗಳನ್ನು. ಅವುಗಳ ಮೊದಲ ಕೊಳ್ಳುಗ ಬೇರೊಬ್ಬನ ಪರವಾಗಿ ತನ್ನ ಹೆಸರಿನಲ್ಲಿ ಖರೀದಿಸಿಕೊಟ್ಟವನಾಗಿರುವ ಸಂಭವ ಹೆಚ್ಚು. ಬಂದೂಕೇ ಸಿಗದ ಪ್ರಕರಣಗಳಲ್ಲಿ ಅಂಥವರೆಷ್ಟು ಜನ ಖಾಲಿ ಕಾಟ್ರಿಜ್‌ನಿಂದಲೇ ಪತ್ತೆಯಾದರು, ಒಂದೇ ಅಂಗಡಿಯ ಹೆಸರು ಎಷ್ಟು ಸಲ ಮರಳಿ ಬಂತು ಎಂಬ ಲೆಕ್ಕವನ್ನು ಮೊದಲ ಮುದ್ರೆಯ ಪಿಸ್ತೂಲು ಮಾರಾಟವಾದ ದಿನದಿಂದಲೇ ಇಡಬೇಕು. ಸಂಶೋಧಕರ ಕೈಗೂ ಅದು ಸಿಗುವಂತಿರಬೇಕು.