ಗಣಕದೊಳಗೆ ಊರ ಹೆಸರು

ಬೆಳಗಾವಿ ಜಿಲ್ಲೆಯಲ್ಲಿ ವ್ಯಕ್ತಿಯ ಪರಿಚಯ ಬಹುಮಟ್ಟಿಗೆ ಅವನ ಊರಿನಿಂದಲೇ ಆರಂಭವಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬವು ಊರುಗಳ ಹೆಸರುಗಳಾಗಿರುವಂತೆಯೇ ಮನೆತನಗಳ ಅಡ್ಡಹೆಸರುಗಳೂ ಆಗಿದ್ದು, ಮನೆತನ ಊರು ಬಿಟ್ಟ ಮೇಲೂ ಆ ಹೆಸರು ಜೊತೆಗೇ ಉಳಿಯುತ್ತದೆ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಇದಕ್ಕೆ ಪ್ರಸಿದ್ಧ ನಿದರ್ಶನ. ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’ರೆಂದು ಹೆಸರಾದ ಮೇಲೂ ಊರ ಹೆಸರನ್ನು ಬಿಡಲಿಲ್ಲ.

1991ರಲ್ಲಿ ವಿಶ್ವವ್ಯಾಪಿ ಜಾಲವು ಸಾರ್ವಜನಿಕರಿಗೆ ತೆರೆದುಕೊಂಡು, ಆ ದಶಕದ ನಡುವಿನಲ್ಲಿ ಜಿಯೊಸಿಟೀಸ್‌ನಂತಹ ಸಂಸ್ಥೆಗಳು ಪುಕ್ಕಟೆ ಜಾಗ ಕೊಡತೊಡಗಿದಾಗ, ಪ್ರೋಗ್ರಾಮರುಗಳು ತಮ್ಮ ಹೆಸರು, ಕಸುಬು, ಹವ್ಯಾಸಗಳನ್ನು ಲಘುವಾಗಿ ಹೇಳಿಕೊಳ್ಳುವ ‘ಮುಖಪುಟ’ದ ಪದ್ಧತಿ ಬೆಳೆಯಿತು. ಇಂಗ್ಲಿಷಿನಲ್ಲಿ ಸಲೀಸಾಗಿದ್ದ ಈ ಕೆಲಸ ಕನ್ನಡದಲ್ಲಿ ಊರ ಹೆಸರು ಬರೆಯುವಲ್ಲಿಯೇ ತೊಡಕಿಗೆ ಸಿಕ್ಕುತ್ತಿತ್ತು. ಗಣಕವು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಆಗಿನ ವ್ಯವಸ್ಥೆಯಲ್ಲಿ ಅಂತಹ ಸ್ಥಾನಗಳು ಹೆಚ್ಚೆಂದರೆ 256 ಇದ್ದು, ಅವೂ ರೋಮನ್ ಲಿಪಿಯನ್ನು ಮುಂದಿಟ್ಟುಕೊಂಡು ಹಂಚಿದವಾಗಿದ್ದವು. ಫಾಂಟ್ ಎಂದರೆ ಅಕ್ಷರರೂಪಗಳ ಕಡತವನ್ನು ಸಿದ್ಧಪಡಿಸುವವರು ಆ ಸ್ಥಾನಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ತಂತಮ್ಮ ಕ್ರಮದಲ್ಲಿ ತುಂಬಿದರು. ಹೀಗಾಗಿ ಅದೇ ಫಾಂಟ್ ಇಲ್ಲದ ಗಣಕದಲ್ಲಿ ‘ಹುಕ್ಕೇರಿ’ ರೋಮನ್ ಅಕ್ಷರಗಳ ಗೋಜಲಾಗಿ ತೋರುತ್ತಿತ್ತು; ಬರೆದವನು ತನ್ನ ಪರಿಚಯಕ್ಕೆ ಮುನ್ನ ಓದುಗನಿಗೆ ಫಾಂಟನ್ನು ಒದಗಿಸಬೇಕಾಗುತ್ತಿತ್ತು.

ಇಂತಹ ಸ್ಥಿತಿಯಲ್ಲಿಯೇ ವಿಜ್ಞಾನಿ ಯು.ಬಿ. ಪವನಜರು 1996ರಲ್ಲಿ ‘ವಿಶ್ವಕನ್ನಡ’ ಜಾಲತಾಣವನ್ನು ಕಟ್ಟಿದ್ದೂ, ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದದ್ದೂ ಸಣ್ಣ ಸಾಹಸಗಳಲ್ಲ. ಆದರೆ ಮೂಲದ ಹೊಳಹು ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸದಲ್ಲಿ ಕಾಣುತ್ತದೆ. ಬೆರಳಚ್ಚು ಮಾಡುವವರು ಉಚ್ಚಾರಣೆಯ ಕ್ರಮದಲ್ಲಿ ಮೂಲಾಕ್ಷರ, ಸ್ವರಚಿಹ್ನೆಗಳನ್ನು ಒತ್ತಿದರೆ ಸಾಕು, ಒತ್ತಕ್ಷರವನ್ನು ರೂಪಿಸುವ ಹೊಣೆ ತಂತ್ರಾಂಶದ್ದು ಎಂಬುದು ಅದರ ತತ್ತ್ವ. ‘ಹುಕ್ಕೇರಿ’ಗೆ ಹ, ಉಕಾರದ ಚಿಹ್ನೆ, ಕ, ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ, ಮತ್ತೆ ಕ, ಏಕಾರ, ರ, ಇಕಾರ ಎಂದು ಎಂಟು ಕೀಲಿಗಳು ಸಾಕಾಗುತ್ತವೆ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಗೊತ್ತುಪಡಿಸುವ ಯುನಿಕೋಡ್ ಶಿಷ್ಟತೆಯಲ್ಲಿಯೂ, 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದು, ಈ ಹೆಸರು ಎಂಟೇ ಸಂಖ್ಯೆಗಳ ಸಾಲಾಗಿ ಉಳಿಯುತ್ತದೆ.

ಶಿಷ್ಟತೆ ಕಾಗದದ ಮೇಲಿದ್ದರೂ ಅದು ಮನೆಮನೆಯ ಗಣಕಕ್ಕೆ ಇಳಿಯಲು ಹತ್ತು ವರ್ಷ ಹಿಡಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಯುನಿಕೋಡ್ ಕನ್ನಡವನ್ನು ತೋರಿಸತೊಡಗಿದ ಮೇಲೆ, ಗೋಕಾಕದ ಯುವಕ ಬೆಂಗಳೂರಿನಲ್ಲಿ ಕುಳಿತು ಬರೆದ ಪರಿಚಯವನ್ನು ಮೂಡಲಗಿಯ ಬಂಧುಗಳು ಬೇರೆ ಫಾಂಟಿನ ಹಂಗಿಲ್ಲದೆ ಓದುವುದು ಸಾಧ್ಯವಾಯಿತು. ಅದಕ್ಕೂ ಹಿಂದಿನ ಮುಖಪುಟಗಳ ಗತಿ ಮಾತ್ರ ನೋವಿನದು: 2009ರಲ್ಲಿ ಜಿಯೊಸಿಟೀಸ್ ತನ್ನ ಮುಖ್ಯ ಸೇವೆಯನ್ನು ನಿಲ್ಲಿಸಿತು, ಹಳೆಯ ಫಾಂಟುಗಳಲ್ಲಿ ಉಳಿದುಕೊಂಡ ಪುಟಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಾರದ ಹೊರತು, ಅವುಗಳಲ್ಲಿರುವ ಊರ ಹೆಸರು ಹುಡುಕಿದವರಿಗೆ ಸಿಗುವುದಿಲ್ಲ.