ಎಡಗಾಲು ಮತ್ತು ಮೈಲೇಜು: ಮುಂಬಯಿಯ ಕುಟುಂಬದ ಕಾರಿನ ಕಥೆ

‘ಎಷ್ಟು ಕೊಡುತ್ತದೆ?’ ಎಂಬ ಪ್ರಶ್ನೆಯನ್ನು ನಮ್ಮ ಊರುಗಳಲ್ಲಿ ಮುಖ್ಯವಾಗಿ ಎರಡರ ಬಗೆಗೆ ಕೇಳುತ್ತಾರೆ, ಹಸುವಿನ ಬಗೆಗೆ ಮತ್ತು ಕಾರಿನ ಬಗೆಗೆ. ಹಸುವಿನ ವಿಚಾರದಲ್ಲಿ ಕೇಳುವವರು ಬಲು ವಿವೇಕಿಗಳು. ಮೇವು ಎಂಥದು, ಕರು ಹಾಕಿ ಎಷ್ಟು ತಿಂಗಳಾಯಿತು, ಕರೆಯುವವರು ಯಾರು ಎಂಬುದನ್ನೆಲ್ಲ ತಿಳಿದ ಮೇಲೆಯೇ ಉತ್ತರವನ್ನು ನಂಬುತ್ತಾರೆ. ಕಾರಿನ ವಿಚಾರದಲ್ಲಿ ಮಾತ್ರ ಅವರಿಗೆ ಒಂದೇ ಒಂದು ಸಂಖ್ಯೆ ಸಾಕು. 2010ರ ಸುಮಾರಿಗೆ ಮಾರುತಿ ಕಂಪನಿಯು ಇದೇ ಪ್ರಶ್ನೆಯನ್ನು ಹಿಂದಿಯಲ್ಲಿ ಜಾಹೀರಾತಾಗಿಸಿ ದೇಶವನ್ನೇ ನಗಿಸಿತು. ಮುಂಬಯಿಯಲ್ಲಿ ನೆಲಸಿ ವರ್ಷಕ್ಕೊಮ್ಮೆ ಕಾರಿನಲ್ಲಿ ಊರಿಗೆ ಹೋಗುವ ನಮ್ಮಂಥವರು ಈ ಪ್ರಶ್ನೆಗೆ ಎರಡು ಉತ್ತರಗಳನ್ನು ಸಿದ್ಧವಾಗಿಟ್ಟುಕೊಂಡಿರುತ್ತೇವೆ. ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಬಂದಾಗಿನದು ಒಂದು. ಅಂಧೇರಿಯಿಂದ ಬಾಂದ್ರಾಕ್ಕೆ ದಿನವೂ ತೆವಳುವಾಗಿನದು ಇನ್ನೊಂದು. ಊರಿನಲ್ಲಿ ಹೇಳುವುದು ಮೊದಲನೆಯದನ್ನು.

ಕಾರು ‘ಆಟೋಮ್ಯಾಟಿಕ್’ ಆಗಿದ್ದರೆ ಉತ್ತರ ಕೇಳುವ ಮೊದಲೇ ತೀರ್ಪು ಬಂದಿರುತ್ತದೆ: ಅದು ಪೆಟ್ರೋಲು ಕುಡಿಯುತ್ತದೆ. ಈ ತೀರ್ಪು ಮೂಢನಂಬಿಕೆಯಲ್ಲ. ಒಂದು ಕಾಲಕ್ಕೆ ಅದು ಅಕ್ಷರಶಃ ನಿಜವಾಗಿತ್ತು. ಯಂತ್ರ ಬದಲಾದ ಮೇಲೂ ಅದರ ಅಪಕೀರ್ತಿ ಉಳಿದುಕೊಂಡ ಬಗೆಯನ್ನು ತಿಳಿಯಬೇಕಾದರೆ ಮುಂಬಯಿಯ ರಸ್ತೆಗಳ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ನೋಡಬೇಕು.

ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು 1928ರಲ್ಲಿ ಶಿವಡಿಯಲ್ಲಿ ಕಾರುಗಳ ಜೋಡಣೆಯನ್ನು ಆರಂಭಿಸಿತು. 1944ರಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, ಕುರ್ಲಾದ ಕಾರ್ಖಾನೆಯಲ್ಲಿ ಡಾಡ್ಜ್, ಪ್ಲಿಮತ್ ಕಾರುಗಳು ಸಿದ್ಧವಾಗತೊಡಗಿದವು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಕ್ಲಚ್ಚಿನ ಪೆಡಲೇ ಇಲ್ಲದ ಕಾರುಗಳು ಮಾರುಕಟ್ಟೆಗೆ ಬಂದಿದ್ದವು. 1940ರ ಓಲ್ಡ್ಸ್‌ಮೊಬೈಲಿನಲ್ಲಿ ಹೈಡ್ರಾಮ್ಯಾಟಿಕ್ ಬಂದರೆ, 1950ರ ಷೆವ್ರೊಲೆಯಲ್ಲಿ ಪವರ್‌ಗ್ಲೈಡ್ ಬಂದಿತು. ಈ ಎರಡನೆಯದಕ್ಕೆ ಇದ್ದುದು ಎರಡೇ ಗೇರು. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಗಟ್ಟಿಯಾದ ಸಂಬಂಧವಿಲ್ಲ. ಎಣ್ಣೆ ತುಂಬಿದ ಡಬ್ಬಿಯೊಳಗೆ ಎದುರುಬದುರು ನಿಂತ ಎರಡು ಪಂಖಗಳನ್ನು ಊಹಿಸಿಕೊಂಡರೆ ಸಾಕು. ಎಂಜಿನ್ನು ಒಂದನ್ನು ತಿರುಗಿಸುತ್ತದೆ, ಚಿಮ್ಮಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಇವೆರಡರ ವೇಗದಲ್ಲಿರುವ ವ್ಯತ್ಯಾಸವೆಲ್ಲ ಎಣ್ಣೆಯ ಬಿಸಿಯಾಗಿ ಕಳೆದುಹೋಗುತ್ತದೆ. ಪೆಟ್ರೋಲು ಅಗ್ಗವಾಗಿದ್ದ ದೇಶದಲ್ಲಿ ಯಾರೂ ಈ ಬಿಸಿಗೆ ತಲೆಕೆಡಿಸಿಕೊಳ್ಳಲಿಲ್ಲ. ಇಲ್ಲಿನ ಶ್ರೀಮಂತರ ಮನೆಗಳಿಗೆ ಬಂದ ದೊಡ್ಡ ಅಮೆರಿಕನ್ ಕಾರುಗಳೊಡನೆ ಅವುಗಳ ಹೊಟ್ಟೆಬಾಕತನದ ಕೀರ್ತಿಯೂ ಬಂದಿತು. 1950ರ ದಶಕದ ಮಧ್ಯಕ್ಕೆ, ಬಿಡಿಭಾಗಗಳನ್ನು ದೇಶದೊಳಗೇ ತಯಾರಿಸಬೇಕೆಂಬ ಸರ್ಕಾರದ ನೀತಿಯಿಂದಾಗಿ ಜನರಲ್ ಮೋಟರ್ಸ್ ಜಾಗ ಖಾಲಿ ಮಾಡಿತು. ಕಾರು ಹೋಯಿತು, ಕೀರ್ತಿ ಉಳಿಯಿತು.

ಆ ಬಳಿಕ ನಾಲ್ಕು ದಶಕಗಳ ಕಾಲ ಮುಂಬಯಿಯ ಕುಟುಂಬದ ಕಾರೆಂದರೆ ಕುರ್ಲಾದಲ್ಲಿ ತಯಾರಾದ ಫಿಯೆಟ್. 1089 ಸಿಸಿಯ ಎಂಜಿನ್ನು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ. 1964ರಲ್ಲಿ ‘ಡಿಲೈಟ್’ ಎಂದು ಬಂದುದು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಕಲ್ಕತ್ತೆಯ ಟ್ಯಾಕ್ಸಿ ಅಂಬಾಸಿಡರ್ ಆದರೆ ಮುಂಬಯಿಯ ಟ್ಯಾಕ್ಸಿ ಫಿಯೆಟ್. ಅದನ್ನು ಓಡಿಸುವುದು ನಾಲ್ಕು ಅಂಗಗಳಿಗೂ ಕೆಲಸ ಕೊಡುವ ವಿದ್ಯೆ. ಮಳೆಗಾಲದಲ್ಲಿ ಹಿಂದಮಾತಾದ ನೀರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದು ಕಾರು ದಾಟಿಸಿದವರಿಗೆ ಅದರ ಅರ್ಥ ಗೊತ್ತು.

1973ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧದ ಬೆನ್ನಿಗೆ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟಾಯಿತು. ಪೆಟ್ರೋಲಿನ ಬೆಲೆ ಏರಿದುದನ್ನು ಪ್ರತಿಭಟಿಸಿ ಆ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಮುಂಬಯಿಯ ಸ್ಥಿತಿ ವಿಚಿತ್ರವಾಗಿತ್ತು. ತೈಲವನ್ನು ಶುದ್ಧಿ ಮಾಡುವ ಎರಡು ಸ್ಥಾವರಗಳು 1950ರ ದಶಕದಿಂದಲೇ ಟ್ರಾಂಬೆಯಲ್ಲಿದ್ದವು. 1974ರಲ್ಲಿ ‘ಸಾಗರ್ ಸಮ್ರಾಟ್’ ಕೊರೆದ ಬಾಂಬೆ ಹೈ ಈ ನಗರದ ಎದುರಿನ ಕಡಲಲ್ಲೇ ಇತ್ತು. ಆದರೂ ಚೆಂಬೂರಿನ ನಿವಾಸಿಗೆ ತೈಲದ ವಾಸನೆ ಮಾತ್ರ ಪುಕ್ಕಟೆ. 1978ರಲ್ಲಿ ಕೇಂದ್ರ ಸರ್ಕಾರವು ಪೆಟ್ರೋಲಿಯಂ ಸಂರಕ್ಷಣ ಸಂಶೋಧನ ಸಂಘವನ್ನು ಸ್ಥಾಪಿಸಿ, ಸಿಗ್ನಲಿನಲ್ಲಿ ಎಂಜಿನ್ನು ಆರಿಸಿ, ಹಿತವಾದ ವೇಗದಲ್ಲಿ ಓಡಿಸಿ ಎಂದು ಜನರಿಗೆ ಬೋಧಿಸಿತು. ಟ್ಯಾಕ್ಸಿ ಚಾಲಕರಿಗೆ ಈ ಬೋಧನೆ ಬೇಕಿರಲಿಲ್ಲ. ಕೆಂಪು ದೀಪ ಕಂಡೊಡನೆ ಕೀಲಿ ತಿರುಗಿಸುವುದು, ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಬಿಡುವುದು ಅವರಿಗೆ ಕರಗತವಾಗಿತ್ತು. ಎರಡನೆಯದು ಅಪಾಯಕರ, ಅನುಕರಣೀಯವಲ್ಲ. ನಮ್ಮಂಥ ಸರ್ಕಾರಿ ಕಚೇರಿಗಳಲ್ಲಂತೂ ಸ್ಟಾಫ್ ಕಾರಿನ ಲಾಗ್ ಬುಕ್ಕಿನಲ್ಲಿ ಓಡಿದ ದೂರವನ್ನೂ ಹಾಕಿಸಿದ ಪೆಟ್ರೋಲನ್ನೂ ಬರೆದಿಡುವುದು ಇಂದಿಗೂ ಒಂದು ನಿತ್ಯವಿಧಿ.

ಆ ಲಾಗ್ ಬುಕ್ಕಿನಲ್ಲಿ ಎಡಗಾಲಿಗೆ ಅಂಕಣವಿಲ್ಲ. ಗೇರಿನ ಕಾರು ಉಳಿಸಿದ ಪೆಟ್ರೋಲಿನ ಒಂದು ಭಾಗವನ್ನು ತೆತ್ತವನು ಚಾಲಕ, ತನ್ನ ಮೊಣಕಾಲಿನಿಂದ. ಮಾಹಿಮ್ ಕಾಸ್‌ವೇ ದಾಟುವಷ್ಟರಲ್ಲಿ ಎಷ್ಟು ಬಾರಿ ಕ್ಲಚ್ಚು ಒತ್ತಿದೆವೆಂದು ಎಣಿಸಹೊರಟವರು ಅರ್ಧದಲ್ಲೇ ಲೆಕ್ಕ ತಪ್ಪುತ್ತಾರೆ. ಮಿತವ್ಯಯದ ಚರಿತ್ರೆಯನ್ನು ಬರೆಯುವವರು ಲೀಟರುಗಳನ್ನಷ್ಟೇ ಎಣಿಸಿದುದರಿಂದ, ಗೇರಿಲ್ಲದ ಕಾರು ಸೋಮಾರಿಗಳ ವಿಲಾಸವೆಂಬ ಭಾವನೆ ಗಟ್ಟಿಯಾಯಿತು. ವಯಸ್ಸಾದವರು, ಮಂಡಿನೋವಿನವರು, ಕಾಲಿನ ಊನವುಳ್ಳವರು ಈ ಲೆಕ್ಕದ ಹೊರಗೇ ಉಳಿದರು.

ಹಳೆಯ ತೀರ್ಪು ಕಾಗದದ ಮೇಲೆ ಬಿದ್ದುಹೋದುದು 2014ರಲ್ಲಿ. ಆ ಫೆಬ್ರವರಿಯಲ್ಲಿ ಬಂದ ಮಾರುತಿ ಸೆಲೆರಿಯೊದಲ್ಲಿ ಸಾಮಾನ್ಯ ಗೇರುಪೆಟ್ಟಿಗೆಯೇ ಇತ್ತು. ಕ್ಲಚ್ಚನ್ನೂ ಗೇರನ್ನೂ ಚಲಾಯಿಸಲು ಮನುಷ್ಯನ ಕೈಕಾಲುಗಳ ಬದಲು ಒಂದು ಯಂತ್ರವಿತ್ತು. ಅದನ್ನೇ ಎಎಂಟಿ ಎನ್ನುತ್ತಾರೆ. ಗೇರಿನ ಕಾರಿಗೂ ಎಎಂಟಿಗೂ ಪ್ರಮಾಣೀಕೃತ ಮೈಲೇಜು ಒಂದೇ: ಲೀಟರಿಗೆ 23.1 ಕಿಲೋಮೀಟರು. ಅದೇ ವರ್ಷದ ಹೊಂಡಾ ಸಿಟಿಯ ಪೆಟ್ರೋಲ್ ಕಾರಿನಲ್ಲಿ ಗೇರಿನದಕ್ಕೆ 17.8, ಸ್ವಯಂಚಾಲಿತ ಸಿವಿಟಿಗೆ 18. ಕುಡುಕನೆಂದು ಹೆಸರಾದವನು ವ್ರತಸ್ಥನಿಗಿಂತ ಕಡಿಮೆ ಕುಡಿದಂತಾಯಿತು.

ಈ ಸಂಖ್ಯೆಗಳು ಸುಳ್ಳಲ್ಲ, ಆದರೆ ಅವು ಹುಟ್ಟಿದುದು ರಸ್ತೆಯಲ್ಲಲ್ಲ. ಪರೀಕ್ಷೆಯಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಯೂರೋಪಿನ ಪದ್ಧತಿಯನ್ನು ನಮ್ಮ ವೇಗಕ್ಕೆ ತಗ್ಗಿಸಿ ರೂಪಿಸಿದ ಕ್ರಮದಲ್ಲಿ ಓಡಿಸುತ್ತಾರೆ. 1180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ಕ್ರಮಿಸುವ ದೂರ ಸುಮಾರು 10.6 ಕಿಲೋಮೀಟರು, ಗರಿಷ್ಠ ವೇಗ ಗಂಟೆಗೆ 90. ಸರಾಸರಿ ವೇಗ ಗಂಟೆಗೆ ಮೂವತ್ತು ಕಿಲೋಮೀಟರು ದಾಟುತ್ತದೆ. ಏಸಿ ಹಾಕುವುದಿಲ್ಲ. ಗೇರಿನ ಕಾರಿಗೆ ಯಾವ ವೇಗದಲ್ಲಿ ಯಾವ ಗೇರು ಎಂಬುದು ಮೊದಲೇ ನಿಗದಿ. ಸ್ವಯಂಚಾಲಿತ ಕಾರು ತನಗೆ ಅನುಕೂಲವಾದಾಗ ಬದಲಿಸಿಕೊಳ್ಳಬಹುದು. ಇಂಥ ಪರೀಕ್ಷೆಯಲ್ಲಿ ಅದು ಮೇಲುಗೈ ಪಡೆದರೆ ಅಚ್ಚರಿಯೇನು?

ಮುಂಬಯಿಯ ಪರೀಕ್ಷೆ ಬೇರೆ. ಪೆಟ್ರೋಲಿನ ಸಣ್ಣ ಎಂಜಿನ್ನು ನಿಂತಲ್ಲೇ ಉರಿಯುತ್ತಿದ್ದರೆ ಗಂಟೆಗೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಬೇಕು. ಏಸಿ ಇದ್ದರೆ ಮೇಲಿನ ತುದಿಗೆ ಹತ್ತಿರ. ಲೀಟರಿಗೆ ಇಪ್ಪತ್ತು ಕಿಲೋಮೀಟರು ಕೊಡಬಲ್ಲ ಕಾರೊಂದು ಜೋಗೇಶ್ವರಿಯಿಂದ ಹತ್ತು ಕಿಲೋಮೀಟರು ಹೋಗಲು ಒಂದು ಗಂಟೆ ತೆಗೆದುಕೊಂಡಿತೆನ್ನೋಣ, ಅದರಲ್ಲಿ ಅರ್ಧ ಗಂಟೆ ನಿಂತೇ ಇತ್ತೆನ್ನೋಣ. ಓಡಿದುದಕ್ಕೆ ಅರ್ಧ ಲೀಟರು, ನಿಂತುದಕ್ಕೆ ಹೆಚ್ಚುಕಡಿಮೆ 0.4 ಲೀಟರು. ಒಟ್ಟು 0.9. ಇಪ್ಪತ್ತರ ಕಾರು ಹನ್ನೊಂದಕ್ಕೆ ಇಳಿಯಿತು. ಇದರಲ್ಲಿ ಗೇರುಪೆಟ್ಟಿಗೆಯ ಜಾತಿಯ ಪ್ರಸ್ತಾಪವೇ ಬರಲಿಲ್ಲ ಎಂಬುದನ್ನು ಗಮನಿಸಬೇಕು. ನಿಂತ ಕಾರಿನ ಮೈಲೇಜು ಎಲ್ಲ ಜಾತಿಗೂ ಸೊನ್ನೆಯೇ.

ಹಾಗೆಂದು ಜಾತಿಭೇದ ಇಲ್ಲವೇ ಇಲ್ಲವೆನ್ನಲಾಗದು. ಎಣ್ಣೆಪಂಖದ ಹಳೆಯ ಪದ್ಧತಿಗೆ ಈಗ ಒಂದು ಬೀಗ ಜೋಡಿಸಿದ್ದಾರೆ. ಕಾರು ವೇಗ ಹಿಡಿದೊಡನೆ ಎರಡು ಪಂಖಗಳೂ ಒಂದಾಗಿ ಬಿಗಿದುಕೊಳ್ಳುತ್ತವೆ, ಬಿಸಿಯಾಗಿ ಕಳೆದುಹೋಗುತ್ತಿದ್ದುದು ಉಳಿಯುತ್ತದೆ. ಆದರೆ ತೆವಳುವ ವೇಗದಲ್ಲಿ ಬೀಗ ಬೀಳುವುದಿಲ್ಲ. ಹೀಗಾಗಿ ಸುಧಾರಣೆಯ ಲಾಭ ದಕ್ಕುವುದು ಪುಣೆಯ ಎಕ್ಸ್‌ಪ್ರೆಸ್‌ವೇಯಲ್ಲಿ. ಸಾಕಿನಾಕಾದಲ್ಲಿ ಅದು ಇಂದಿಗೂ 1950ರ ಯಂತ್ರವೇ. ಎಎಂಟಿಗೆ ಈ ಸೋರಿಕೆಯಿಲ್ಲ, ಆದರೆ ಇಂಚಿಂಚಾಗಿ ಸರಿಯುವಾಗ ಅದೂ ಕ್ಲಚ್ಚನ್ನು ಅರ್ಧ ಹಿಡಿದೇ ನಡೆಯಬೇಕು, ಗೇರು ಬದಲಿಸುವಾಗ ಒಮ್ಮೆ ತಲೆಯಾಡಿಸಿದಂತೆ ತಡೆದು ಸಾಗುತ್ತದೆ. ನಿಜವನ್ನು ತಿಳಿಯಲು ಇರುವ ಉಪಾಯ ಹಳೆಯದೇ. ಟ್ಯಾಂಕು ತುಂಬಿಸಿ, ದೂರದ ಅಂಕೆಯನ್ನು ಸೊನ್ನೆ ಮಾಡಿ, ನಾಲ್ಕೈದು ನೂರು ಕಿಲೋಮೀಟರು ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಭಾಗಿಸುವುದು. ಒಂದೇ ಟ್ಯಾಂಕಿನ ಫಲವನ್ನು ನಂಬಬಾರದು, ಮಳೆಗಾಲದ್ದನ್ನೂ ಬೇಸಗೆಯದನ್ನೂ ಬೆರೆಸಬಾರದು. 2021ರ ಮೇ ತಿಂಗಳ ಕೊನೆಗೆ ಮುಂಬಯಿಯಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಈ ಭಾಗಾಕಾರ ಹಲವು ಮನೆಗಳಲ್ಲಿ ಮಕ್ಕಳ ಮನೆಪಾಠದಷ್ಟೇ ನಿಯತವಾಯಿತು.

ನಿಂತಾಗಿನ ಖರ್ಚಿಗೇ ನೇರವಾಗಿ ಕೈಹಾಕಿದುದು ಹೈಬ್ರಿಡ್. 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರಿನೊಡನೆ ಬಂದ ಈ ವಿದ್ಯೆ ನಮ್ಮ ಮಧ್ಯಮವರ್ಗದ ಸಮೀಪಕ್ಕೆ ಬಂದುದು 2022ರಲ್ಲಿ, ಹೊಂಡಾ ಸಿಟಿ, ಟೊಯೊಟ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾಗಳ ಮೂಲಕ. ನಿಂತಾಗ, ತೆವಳುವಾಗ ಎಂಜಿನ್ನು ತಾನಾಗಿ ಆರಿಕೊಂಡು ಕಾರು ವಿದ್ಯುತ್ತಿನಿಂದ ಸರಿಯುತ್ತದೆ. ಬ್ರೇಕು ಹಾಕಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದಂಶ ಬ್ಯಾಟರಿಗೆ ಮರಳುತ್ತದೆ. ಇವೆಲ್ಲ ಸ್ವಯಂಚಾಲಿತ ಕಾರುಗಳೇ, ಗೇರಿನ ಹೈಬ್ರಿಡ್ ಇವುಗಳಲ್ಲಿಲ್ಲ. ಹೆದ್ದಾರಿಗಿಂತ ನಗರದ ದಟ್ಟಣೆಯಲ್ಲೇ ಗೆಲ್ಲುವ ಯಂತ್ರ ಮುಂಬಯಿಗೆ ದೊರೆಯಿತು. ಫಿಯೆಟ್ಟಿನ ಚಾಲಕ ಕೆಂಪು ದೀಪದಲ್ಲಿ ಕೀಲಿ ತಿರುಗಿಸುತ್ತಿದ್ದುದನ್ನೇ ಇದು ಮಾಡುತ್ತಿದೆ. ಆದರೆ ಬೆಲೆ ಹಲವು ಲಕ್ಷ ಹೆಚ್ಚು. ದಿನಕ್ಕೆ ಇಪ್ಪತ್ತು ಕಿಲೋಮೀಟರು ಓಡಿಸುವ ಕುಟುಂಬ ಅದನ್ನು ಪೆಟ್ರೋಲಿನಲ್ಲೇ ಮರಳಿ ಗಳಿಸುವುದು ಸುಲಭವಲ್ಲ. ಹಾಗೆ ಗಳಿಸಬಲ್ಲವನು ದಿನವಿಡೀ ರಸ್ತೆಯಲ್ಲಿರುವ ಟ್ಯಾಕ್ಸಿಯವನು. ಅವನಿಗೆ ಆ ಬೆಲೆ ಎಟುಕದು.

ಅವನು ಬಹುಕಾಲದ ಹಿಂದೆಯೇ ಸಿಎನ್‌ಜಿಗೆ ಹೊರಳಿದ್ದ. ಅವನ ಲೆಕ್ಕ ಲೀಟರಿನದಲ್ಲ, ಕಿಲೋಗ್ರಾಮಿನದು. 2023ರ ಅಕ್ಟೋಬರ್ ಕೊನೆಗೆ, ಟ್ಯಾಕ್ಸಿಗಳಿಗಿರುವ ಇಪ್ಪತ್ತು ವರ್ಷಗಳ ಮಿತಿ ಮುಗಿದು ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ನಿವೃತ್ತವಾಯಿತು. ಕೆಲವೇ ತಿಂಗಳಲ್ಲಿ, 2024ರ ಫೆಬ್ರವರಿಯಲ್ಲಿ, ಟಾಟಾ ಕಂಪನಿಯು ಸಿಎನ್‌ಜಿಯಲ್ಲಿ ಓಡುವ ಎಎಂಟಿ ಕಾರುಗಳನ್ನು ತಂದಿತು. ದೇಶದಲ್ಲಿ ಅದೇ ಮೊದಲು. ಟಿಯಾಗೊದ ಪ್ರಮಾಣೀಕೃತ ಮೈಲೇಜು ಕಿಲೋಗೆ 28.06 ಕಿಲೋಮೀಟರು. ಆದರೂ ಕಪ್ಪು–ಹಳದಿ ಟ್ಯಾಕ್ಸಿಗಳ ಸಾಲಿನಲ್ಲಿ ಇಣುಕಿ ನೋಡಿದರೆ ಕಾಣುವುದು ಬಹುಮಟ್ಟಿಗೆ ಮೂರು ಪೆಡಲುಗಳೇ. ಬಾಡಿಗೆಗೆ ಟ್ಯಾಕ್ಸಿ ಹಿಡಿದವನು ದಿನದ ಬಾಡಿಗೆಯನ್ನು ಮಾಲೀಕನಿಗೆ ಕೊಟ್ಟು, ಗ್ಯಾಸನ್ನು ತನ್ನ ದುಡ್ಡಿನಲ್ಲಿ ತುಂಬಿಸುತ್ತಾನೆ. ಎಎಂಟಿಯ ಹೆಚ್ಚಿನ ಬೆಲೆ ಕೊಡಬೇಕಾದವನು ಮಾಲೀಕ. ಕ್ಲಚ್ಚು ಒತ್ತುವವನು ಕಾರು ಕೊಳ್ಳುವವನಲ್ಲ.