ಸೈನ್ ಅಂದ್ರೆ ಜೇಬು! | ಗಣಿತದ ಹಿಂದಿನ ಕಥೆ, ಭಾಗ 4

ಫಸ್ಟ್ ಪಿಯುಸಿಯಲ್ಲಿ ಬೋರ್ಡ್ ಮೇಲೆ ಸೈನ್ 150° ಅಂತ ಬರೆದ ದಿನ ನನ್ನ ತಲೆ ಕೆಟ್ಟೋಯ್ತು.

ಎಸ್ಸೆಸ್ಸೆಲ್ಸಿಯಲ್ಲಿ ಕಲಿತಿದ್ದು ಏನು? ಲಂಬಕೋನ ತ್ರಿಭುಜದಲ್ಲಿ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದ್ರೆ ಸೈನ್. ಆದ್ರೆ ಒಂದು ಕೋನ 90° ಇದ್ದ ಮೇಲೆ ಇನ್ನೊಂದು 150° ಹೇಗಾಗುತ್ತೆ? ಮೂರೂ ಸೇರಿ 180° ತಾನೇ? ಕೇಳೋಕೆ ಧೈರ್ಯ ಬರಲಿಲ್ಲ. ಏಕಮಾನ ವೃತ್ತವನ್ನು ಬಾಯಿಪಾಠ ಮಾಡಿ ಪಾಸಾದೆ, ಅಷ್ಟೆ.

ಆಮೇಲೆ ಇದರ ಇತಿಹಾಸ ಓದಿದಾಗ ಗೊತ್ತಾಯ್ತು: ನಾವು ಕಲಿತ ಕ್ರಮವೇ ಉಲ್ಟಾ. ಮೊದಲು ಬಂದಿದ್ದು ವೃತ್ತ. ತ್ರಿಭುಜ ಬಂದಿದ್ದು ತುಂಬಾ ತಡವಾಗಿ.

🏹 1. ಬಿಲ್ಲಿನ ಹೆದೆ

ಗ್ರಹಗಳು ಆಕಾಶದಲ್ಲಿ ಎಲ್ಲಿವೆ ಅಂತ ಲೆಕ್ಕ ಹಾಕೋಕೆ ವೃತ್ತದ ಗಣಿತ ಬೇಕಿತ್ತು. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಜ್ಯಾಗಳ ಉದ್ದದ ಕೋಷ್ಟಕ ಕೊಟ್ಟ. ಜ್ಯಾ ಗೊತ್ತಲ್ಲ, ವೃತ್ತದ ಎರಡು ಬಿಂದುಗಳನ್ನು ಸೇರಿಸೋ ಗೆರೆ. ಆ ಪದದ ಮೂಲ ಅರ್ಥ ಬಿಲ್ಲಿನ ಹೆದೆ.

ಭಾರತದ ಜ್ಯೋತಿರ್ವಿದರು ಪೂರ್ತಿ ಹೆದೆ ಬಿಟ್ಟು ಅರ್ಧ ಹೆದೆ ಹಿಡಿದರು: ಅರ್ಧಜ್ಯಾ. ಬರಬರುತ್ತಾ ಅದನ್ನೇ ಚಿಕ್ಕದಾಗಿ ಜ್ಯಾ ಅಂದರು. ಇದೇ ನಮ್ಮ ಸೈನ್!

📜 2. ಆರ್ಯಭಟನ ಲೆಕ್ಕ

ಕ್ರಿ.ಶ. 499ರಲ್ಲಿ ಆರ್ಯಭಟನಿಗೆ 23 ವರ್ಷ. ಅವನು ವೃತ್ತದ ಪರಿಧಿಯನ್ನು 21,600 ಕಲೆ ಅಂದ್ಕೊಂಡ (360 × 60). ಆಗ ತ್ರಿಜ್ಯ ಸುಮಾರು 3,438 ಕಲೆ ಬರುತ್ತೆ. 225 ಕಲೆಗೊಂದರಂತೆ 24 ಜ್ಯಾಗಳಿಗೆ ಬೇಕಾದ ಅಂಕಿಗಳನ್ನೆಲ್ಲ ಒಂದೇ ಶ್ಲೋಕದಲ್ಲಿ ತುಂಬಿಸಿಟ್ಟ.

ನೀವೇ ಚೆಕ್ ಮಾಡಿ. ಅವನು ಕೊಟ್ಟ ಮೊದಲ ಎಂಟು ವ್ಯತ್ಯಾಸಗಳು: 225, 224, 222, 219, 215, 210, 205, 199. ಕೂಡಿಸಿದ್ರೆ 1,719. ಅದು 30°ಯ ಜ್ಯಾ. 3,438ಕ್ಕೆ ಸರಿಯಾಗಿ ಅರ್ಧ! ಸೈನ್ 30° = 1/2 ಅಂತ ನಾವು ಉರು ಹೊಡೆದಿದ್ದು ಇದನ್ನೇ.

👕 3. ಜೇಬು ಹೇಗೆ ಬಂತು?

ಈ ವಿದ್ಯೆ ಅರಬ್ಬರಿಗೆ ತಲುಪಿದಾಗ ‘ಜ್ಯಾ’, ‘ಜೀವಾ’ ಅನ್ನೋದು ‘ಜೀಬಾ’ ಆಯ್ತು. ಅರಬ್ಬಿಯಲ್ಲಿ ಸ್ವರ ಬಿಟ್ಟು ಬರೆಯೋದು ರೂಢಿ. ಹಾಗಾಗಿ ಮುಂದೆ ಓದಿದವರು ಅದನ್ನು ‘ಜೈಬ್’ ಅಂತ ಓದಿದರು. ಜೈಬ್ ಅಂದ್ರೆ ಬಟ್ಟೆಯ ಮಡಿಕೆ. ನಮ್ಮ ಕನ್ನಡದ ‘ಜೇಬು’ ಬಂದಿದ್ದೂ ಅಲ್ಲಿಂದಲೇ. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದ ಮಾಡಿದವರು ಮಡಿಕೆಗೆ ತಮ್ಮ ಪದ ‘ಸೈನಸ್’ ಹಾಕಿದರು. ಹೆದೆ ಹೋಯ್ತು, ಜೇಬು ಉಳೀತು. ಪದ ನೋಡಿದ್ರೆ ಅರ್ಥ ಹೊಳೀತಿಲ್ಲ ಅಂದ್ರೆ ತಪ್ಪು ನಿಮ್ಮದಲ್ಲ.

📐 4. ತ್ರಿಭುಜ, ಆಮೇಲೆ 1

1551ರಲ್ಲಿ ರೆಟಿಕಸ್ ಎಂಬ ವಿದ್ವಾಂಸ ವೃತ್ತವನ್ನು ಪಕ್ಕಕ್ಕಿಟ್ಟು, ಲಂಬಕೋನ ತ್ರಿಭುಜದ ಬಾಹುಗಳಿಂದಲೇ ಇವನ್ನೆಲ್ಲ ವಿವರಿಸಿದ. ನಮ್ಮ ಹತ್ತನೇ ಕ್ಲಾಸ್ ಪಾಠ ಆ ದಾರಿಯದು. 1748ರಲ್ಲಿ ಯೂಲರ್ ತನ್ನ ಪುಸ್ತಕದಲ್ಲಿ ತ್ರಿಜ್ಯವನ್ನು 1 ಅಂತ ಇಟ್ಕೊಂಡ. ಪಿಯುಸಿಯ ಏಕಮಾನ ವೃತ್ತ ಅದು. ಅಂದ್ರೆ 3,438 ಇದ್ದ ಜಾಗಕ್ಕೆ 1 ಬಂತು. ವೃತ್ತ ಹಳೇದೇ.

✨ 5. ಈಗ 150° ನೋಡಿ

ವೃತ್ತದ ಮೇಲೆ ಒಂದು ಇರುವೆ ಬಲತುದಿಯಿಂದ ಮೇಲಕ್ಕೆ ಹತ್ತುತ್ತಿದೆ ಅಂದ್ಕೊಳ್ಳಿ. ನಡುಗೆರೆಯಿಂದ ಅದು ಎಷ್ಟು ಎತ್ತರದಲ್ಲಿದೆಯೋ ಅದೇ ಅರ್ಧ ಹೆದೆ, ಅದೇ ಸೈನ್. 30°ಯಲ್ಲಿ ಎತ್ತರ ಅರ್ಧ. 90°ಯಲ್ಲಿ ತುತ್ತತುದಿ. ಆಚೆ ಇಳಿಯುತ್ತಾ 150°ಗೆ ಬಂದಾಗ ಮತ್ತೆ ಅದೇ ಅರ್ಧ. 180° ದಾಟಿದ್ರೆ ಗೆರೆಯ ಕೆಳಗೆ, ಅದಕ್ಕೇ ಮೈನಸ್. ಇಲ್ಲಿ 150°ಯ ತ್ರಿಭುಜ ಹುಡುಕೋ ಅಗತ್ಯವೇ ಇಲ್ಲ.

ಕೊನೇದಾಗಿ, ‘ತ್ರಿಜ್ಯ’ ಅನ್ನೋ ಪದವನ್ನೇ ಬಿಡಿಸಿ ನೋಡಿ. ಒಂದು ರಾಶಿಗೆ 30°. ಮೂರು ರಾಶಿಗೆ 90°. ಮೂರು ರಾಶಿಯ ಜ್ಯಾ, ಅದೇ ತ್ರಿಜ್ಯ. ಸೈನ್ 90° = 1 ಅನ್ನೋದನ್ನು ನಾವು ಹೈಸ್ಕೂಲಿಗೆ ಬರೋ ಮೊದಲಿಂದ ಕನ್ನಡದಲ್ಲೇ ಹೇಳ್ತಾ ಇದ್ವಿ, ಗೊತ್ತೇ ಇರಲಿಲ್ಲ!

ನಿಮಗೆ ತ್ರಿಕೋನಮಿತಿಯಲ್ಲಿ ಎಲ್ಲಿ ಸಿಕ್ಕಾಕ್ಕೊಂಡಿತ್ತು? ನಾಚಿಕೆ ಬಿಟ್ಟು ಕೆಳಗೆ ಬರೀರಿ. ನಾನು ಕ್ಲಾಸಲ್ಲಿ ಕೈ ಎತ್ತಲಿಲ್ಲ, ನೀವಾದ್ರೂ ಎತ್ತಿ. 🙋

#ಗಣಿತದಹಿಂದಿನಕಥೆ #ತ್ರಿಕೋನಮಿತಿ #ಆರ್ಯಭಟ #ಪಿಯುಸಿ #ಕನ್ನಡದಲ್ಲಿಗಣಿತ